ಕೊಡಕ್ಕಿಳಿದ ದೇವರು

"ಕದಿಯಾಕ ಬಂದಾಂವ ಅಕ್ಕಿ ಯಾಕ ಹಾಕಿ ಹೋದಾನ್ರಿ?"

ನಜಮಾ ಹೀಗೆ ಕೇಳಿದಾಗ ಸಿಂದಗಿ ಠಾಣೆಯ ಚಾಂದಸಾಬ ಫೌಜದಾರರು ಗರ್ಭಗುಡಿಯ ಹೊಸ್ತಿಲ ಹೊರಗೆ ನಿಂತು, ಕೈಯಲ್ಲಿದ್ದ ಬೀಡಿಯನ್ನು ಹಚ್ಚಲೋ ಬೇಡವೋ ಎಂದು ಯೋಚಿಸುತ್ತಿದ್ದರು. ದೇವರಿಲ್ಲದ ಗುಡಿ. ಆದರೂ ಗುಡಿಯೇ. ಬೀಡಿ ತಿರುಗಿ ಕಿಸೆ ಸೇರಿತು.

"ಪೂಜಾರಿ ಹಾಕಿರ್ತಾನ ಬೇಟಿ. ಅಕ್ಕಿ ಗುಡ್ಯಾಗ ಬೀಳದ ಮಸೂತ್ಯಾಗ ಬೀಳತೈತೇನು?"

"ಇಲ್ರಿ. ನಿನ್ನಿ ಸಂಜೀಕ ಈ ಪೀಠಾ, ಈ ಹಾಸುಗಲ್ಲು ನಾನ ತೊಳದೇನಿ. ಮಲ್ಲಣ್ಣ ಕಾಕಾ ದೀಪಾ ಹಚ್ಚಿ ಮನಿಗೆ ಹೋದ ಮ್ಯಾಲೆ ತೊಳದೇನಿ. ನಾರಿನ ಕುಂಚದಿಂದ ತಿಕ್ಕಿ ತಿಕ್ಕಿ. ಆಗ ಇಲ್ಲಿ ಒಂದು ಕಾಳು ಇರಲಿಲ್ಲ."

ಅವಳು ಮೊಣಕಾಲೂರಿ ಬಾಗಿದಳು. ಪೀಠದ ಮುಂದಿನ ಕಲ್ಲಿನ ಮೇಲೆ ಅಕ್ಕಿ ಚೆಲ್ಲಾಪಿಲ್ಲಿಯಾಗಿರಲಿಲ್ಲ. ಯಾರೋ ಗುಂಡಗೆ ಹಾಸಿದ್ದರು. ಅದರ ನಡುವೆ ದುಂಡನೆಯ ಒತ್ತು, ಭಾರದ ಪಾತ್ರೆಯೊಂದನ್ನು ಇಟ್ಟು ಎತ್ತಿದ ಹಾಗೆ. ಪಕ್ಕದಲ್ಲಿ ಅರಿಶಿಣ ಹಚ್ಚಿದ ನೂಲಿನ ತುಂಡು, ಬಾಡದ ಒಂದು ವೀಳ್ಯದೆಲೆ.

ಯಂಕಂಚಿ ಊರ ಹೊರಗೆ ಹಳ್ಳದ ದಂಡೆಯ ಆ ಮುರುಕು ಗುಡಿಯಲ್ಲಿ ಅಜ್ಜ ಮುತ್ತಜ್ಜಂದಿರ ಕಾಲದಿಂದ ಜೋಡುದೇವರು ಕೂತಿದ್ದರು. ಕಾಲು ಮಡಚಿ ಕೂತ ಶಿವ, ಅವನ ತೊಡೆಯೇರಿ ಕೂತ ಗೌರಿ, ಇಬ್ಬರೂ ಒಂದೇ ಕರಿಗಲ್ಲಿನಲ್ಲಿ. ಮೊಳದೆತ್ತರದ, ಗಟ್ಟಿಗನೊಬ್ಬ ಎತ್ತಬಹುದಾದ ವಿಗ್ರಹ. ಗಂಡ ಹೆಂಡಿರ ಜಗಳ ಅತಿಯಾದರೆ ಊರ ಹಿರಿಯರು ಇಬ್ಬರನ್ನೂ ಅದರ ಮುಂದೆ ಕೂರಿಸಿ, ಬುದ್ಧಿ ಬರುವ ತನಕ ಏಳಗೊಡುತ್ತಿರಲಿಲ್ಲ. ಇಂದು ಮುಂಜಾನೆ ಬಾಗಿಲು ತೆರೆದಿತ್ತು, ಪೀಠ ಬರಿದಾಗಿತ್ತು.

ನಜಮಾ ಇಂಡಿ ಊರಿನ ಹುಡುಗಿ. ಧಾರವಾಡದ ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದಳು. ಬೇಸಿಗೆಯ ಸೂಟಿಯಲ್ಲಿ ತರಬೇತಿಗೆಂದು ಇಲ್ಲಿಗೆ ಬಂದವಳು. ಗುಡಿಯ ಕಂಬ ಅಳೆದು ನಕಾಶೆ ಬರೆಯುವುದು, ಶಾಸನದ ಮೇಲೆ ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು, ಮಸಿಯ ಅಚ್ಚು ತೆಗೆಯುವುದು ಆ ತರಬೇತಿಯ ಕೆಲಸ. ಹೆಣ್ಣುಮಗಳನ್ನು ಇಂಥ ಕೆಲಸಕ್ಕೆ ಕಳಿಸಲು ಅವಳಪ್ಪ ಒಪ್ಪಿದ್ದು, ಯಂಕಂಚಿಯಲ್ಲಿ ಅವಳ ಖಾಲಾನ, ತಾಯಿಯ ತಂಗಿಯ, ಮನೆ ಇದೆ ಎಂಬ ಒಂದೇ ಕಾರಣಕ್ಕೆ. ಮೊದಲ ದಿನ ಗರ್ಭಗುಡಿಯ ಬಾಗಿಲಲ್ಲಿ ಅವಳು ಅನುಮಾನಿಸಿ ನಿಂತಾಗ ಪೂಜಾರಿ ಮಲ್ಲಣ್ಣ ಕೇಳಿದ್ದು ಒಂದೇ ಮಾತು: "ಕೈಕಾಲ ತೊಳಕೊಂಡಿಯೇನ ತಂಗಿ? ಹಂಗಾರ ಬಾ."

ಗುಡಿಯ ಬಾಗಿಲಿಗೆ ಕೀಲಿಕೈ ಎರಡು. ಒಂದು ಮಲ್ಲಣ್ಣನ ಉಡಿದಾರದಲ್ಲಿ. ಇನ್ನೊಂದು ತರಬೇತಿಯವರಿಗೆಂದು ಕೊಟ್ಟದ್ದು. ಅದು ನಜಮಾಳ ಜೊತೆಗೇ ಓದುತ್ತಿದ್ದ ನಾಲತವಾಡದ ರಾವಸಾಬನ ಕಿಸೆಯಲ್ಲಿತ್ತು. ಕೀಲಿ ಒಡೆದಿರಲಿಲ್ಲ. ತಲೆಮಾರುಗಳಿಂದ ದೀಪ ಹಚ್ಚುತ್ತ ಬಂದ ಮನೆತನದವನನ್ನು ಯಾರು ಸಂಶಯಿಸುತ್ತಾರೆ? ಹೀಗಾಗಿ ರಾವಸಾಬನ ಕೈಗೆ ಬೇಡಿ ಬಿದ್ದಿತ್ತು. ಊರ ಚಾವಡಿಯಲ್ಲಿ ಅವನನ್ನು ಕಂಬಕ್ಕೆ ಒರಗಿಸಿ ಕೂರಿಸಿದ್ದರು.

"ಅಂವ ಕದ್ದಿಲ್ರಿ ಸಾಹೇಬ್ರ," ಎಂದಳು ನಜಮಾ.

"ಹಂಗಂತ ಅಂವನ ಹೇಳಲಿ. ರಾತ್ರಿ ಎಲ್ಲಿದ್ದೆಲೇ ಅಂದ್ರ ನೆಲಾ ನೋಡ್ತಾನ. ಬಾಯಾಗ ನಾಲಿಗಿ ಐತೋ ಇಲ್ಲೋ ಅಂತ ತಗಸಿ ನೋಡೇನಿ. ಐತಿ." ಫೌಜದಾರರು ನಿಟ್ಟುಸಿರಿಟ್ಟರು. ಕೆಟ್ಟ ಮನುಷ್ಯರಲ್ಲ. "ಸಂಜೀ ಬಸ್ಸಿಗೆ ಸಿಂದಗಿಗೆ ಒಯ್ತೇನಿ. ಕೇಸ್ ಬರದ ಮ್ಯಾಲೆ ಕಾಲೇಜಿನವರು ಅವನ ಹೆಸರು ಹೊಡದ ಹಾಕ್ತಾರ. ಆಮ್ಯಾಲೆ ನಾನೂ ಏನೂ ಮಾಡಾಕ ಬರೂದಿಲ್ಲ, ನೀನೂ ಏನೂ ಮಾಡಾಕ ಬರೂದಿಲ್ಲ."

"ಬಸ್ ಬರೂ ತನಕ ನನಗ ಟೈಮ್ ಕೊಡ್ರಿ."

"ಟೈಮು ನಾ ಕೊಡೂದಲ್ಲ ಬೇಟಿ. ಡ್ರೈವರ ಕೊಡೂದು."

ಅಷ್ಟರಲ್ಲಿ ಮಂಟಪದ ಕಂಬದ ಹಿಂದಿನಿಂದ ಬಸಂತರಾಯ ಸಾಹೇಬರು ಬಂದರು. ಪುರಾತತ್ವ ಇಲಾಖೆಯ ಅಧಿಕಾರಿ. ನಜಮಾ, ರಾವಸಾಬ ಇಬ್ಬರಿಗೂ ಕುಂಚ ಹಿಡಿಯಲು ಕಲಿಸಿದವರು ಅವರೇ. ಮಣ್ಣು ಮೆತ್ತಿದ ಬೂಟು, ಮೆದುವಾದ ದನಿ.

"ಸಾಕು ನಜಮಾ. ಶಿಬಿರಾ ಮುಗೀತು. ಸಾಮಾನ ಜೀಪಿಗೆ ಹಾಕಾಕತ್ತೇನಿ. ನೀನೂ ನಿಮ್ಮ ಖಾಲಾನ ಮನಿಗೆ ನಡಿ." ಬರಿದಾದ ಪೀಠವನ್ನು ನೋಡಿ ಅವರು ಕಣ್ಣು ಮುಚ್ಚಿದರು. "ನನಗೂ ಭಾಳ ಕೆಟ್ಟ ಅನಸಾಕತ್ತೈತಿ ತಂಗಿ. ಛಲೋ ಹುಡುಗ. ಆದ್ರ ಕೀಲಿಕೈ ಅವನ ಹಂತೇಕ ಇತ್ತು ಅಂತ ನಾ ಸುಳ್ಳು ಹೇಳಾಕ ಬರತೈತೇನು?"

ನಜಮಾ ಪೀಠದ ಮುಂದೆ ಮತ್ತೆ ಬಾಗಿದಳು. ಅವಳ ಕಣ್ಣು ಅಕ್ಕಿಯ ಮೇಲೇ ಇತ್ತು. ಕದಿಯಲು ಬಂದವನ ಕೈ ಅವಸರದ ಕೈ. ಈ ಅಕ್ಕಿ ಹಾಸಿದ ಕೈಗೆ ಅವಸರವಿರಲಿಲ್ಲ. ಅಂಜಿಕೆ ಇದ್ದಿರಬಹುದು. ಭಕ್ತಿಯಂತೂ ಇತ್ತು.

* * *

"ಮದಲ ಉಣ್ಣು. ಹಸದ ಹೊಟ್ಟಿಗೆ ಕಳ್ಳ ಸಿಗೂದಿಲ್ಲ."

ಖಾಲಾ ಸುಲ್ತಾನಬಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಬಾಯಿಗೂ ಕೈಗೂ ಒಂದೇ ತಾಳ. ಕೈ ನಿಂತರೆ ಬಾಯಿ ನಿಲ್ಲುತ್ತಿತ್ತು, ಆದರೆ ಕೈ ನಿಲ್ಲುತ್ತಿರಲಿಲ್ಲ.

"ನಿಮ್ಮಪ್ಪಗ ಏನಂತ ಹೇಳಲಿ ನಾನು? ಮಗಳು ಕಲ್ಲು ಅಳ್ಯಾಕ ಬಂದಾಳ ಅಂತಿದ್ದೆ. ಈಗ ಪೊಲೀಸರ ಹಿಂದ ತಿರಗ್ಯಾಡಾಕತ್ತಾಳ ಅನ್ನಲ್ಯಾ?"

"ಪೊಲೀಸರ ನನ್ನ ಹಿಂದ ತಿರಗ್ಯಾಡಾಕತ್ತಾರ ಅನ್ನು."

"ಬಾಯಿ ನೋಡು ಇದರದು!" ಸುಲ್ತಾನಬಿ ನಕ್ಕಳು. ಆಮೇಲೆ ದನಿ ಇಳಿಸಿದಳು. "ಊರಾಗ ಯಾರ ಮನ್ಯಾಗೂ ಒಲಿ ಸರಿ ಉರಿದಿಲ್ಲವ್ವ ಇವತ್ತ. ದೇವರು ಹೋದ್ರಂದ್ರ ಊರಿಗೆ ಸೂತಕಾ ಇದ್ದಂಗ. ಮಜ್ಜಿಗಿ ತರಾಕ ಅಂತ ಸಿದ್ದವ್ವನ ಮನಿಗೆ ಹೋಗಿದ್ನಿ. ಪಾಪ, ಪೂಜಾರಿ ಹೇಣ್ತಿ, ಅಳಾಕತ್ತಿರ್ತಾಳ, ಸಮಾಧಾನಾ ಮಾಡೂಣು ಅಂದ್ರ, ಆಕಿ ತಲಿ ಮ್ಯಾಲೆ ನೀರ ಹಾಕ್ಕೊಂಡು, ಒದ್ದಿ ಸೀರಿ ಉಟಗೊಂಡು, ಮಡೀಲೆ ಎಡೀ ಮಾಡಾಕತ್ತಾಳ! ದೂರ ನಿಂದರ ಸುಲ್ತಾನವ್ವ, ಮುಟ್ಟಬ್ಯಾಡ ಅಂದ್ಲು. ಎಂದೂ ಹಂಗ ಅಂದಾಕ್ಯಲ್ಲ."

ನಜಮಾಳ ಕೈಯಲ್ಲಿದ್ದ ತುತ್ತು ತಾಟಿಗೆ ಮರಳಿತು.

"ಎಡೀನ? ಗುಡ್ಯಾಗ ದೇವರಿಲ್ಲಲ್ಲ ಖಾಲಾ. ಎಡಿ ಯಾರಿಗೆ?"

"ನಾನೂ ಅದನ್ನ ಅಂದ್ನಿ. ಬಾಗಲಾ ಹಾಕ್ಕೊಂಡ್ಲು."

ಒಲೆಯ ಹೊಗೆ ಬೆಳಕಿಂಡಿಯ ಬಿಸಿಲಿಗೆ ಏರುತ್ತಿತ್ತು. ನಜಮಾಳಿಗೆ ಇಂಡಿಯ ಮನೆಯ ಪಡಸಾಲೆ ನೆನಪಾಯಿತು. ಅವಳ ಅಜ್ಜ ಅಲಾಯಿ ದೇವರುಗಳ ಸೇವೆ ನೋಡಿಕೊಳ್ಳುವ ಮುಜಾವರ. ಮೊಹರಮ್ಮಿನಲ್ಲಿ ಬೆಳ್ಳಿಯ ಹಸ್ತಗಳಾದ ಪಂಜಾಗಳನ್ನು ಕೂರಿಸಿದರೆ, ಊರಿನ ಗೌಡರು, ಕುಂಬಾರರು, ಬಡಿಗೇರರು ಎಲ್ಲ ಬಂದು ಸಕ್ಕರೆ ಓದಿಸಿಕೊಂಡು ಹೋಗುತ್ತಿದ್ದರು. ಕಡೆಯ ದಿನ ಬಾವಿಯ ದಂಡೆಗೆ ಒಯ್ದು, ನೀರು ಹಾಕಿ, ಪಂಜಾಗಳನ್ನು ಠಂಡಾ ಮಾಡುತ್ತಿದ್ದರು. ಅದಾಗುವ ತನಕ ಅಜ್ಜ ಅವನ್ನು ಪೆಟ್ಟಿಗೆಗೆ ಇಡುತ್ತಿರಲಿಲ್ಲ. ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

"ಖಾಲಾ, ಅಜ್ಜ ಪಂಜಾ ಠಂಡಾ ಮಾಡದ ಎಂದರ ಬಿಚ್ಚಿದ್ದೈತೇನು?"

"ತೋಬಾ! ಕೈ ಸುಟ್ಟ ಹೋಗತಾವ ಅಂತಿದ್ದ. ದೇವರು ಇಳದ ಹೋದ ಮ್ಯಾಲೆ ಅದು ಬೆಳ್ಳಿ. ಅಲ್ಲೀ ತನಕ ಅದು ದೇವರ. ಯಾಕ?"

ನಜಮಾ ಕೈ ತೊಳೆದುಕೊಂಡು ಎದ್ದೇಬಿಟ್ಟಿದ್ದಳು.

ಹಳೆಯ ವಿಗ್ರಹವನ್ನು ಕದಲಿಸಬೇಕಾದರೆ ಪೂಜಾರಿಗಳು ಮೊದಲು ಏನು ಮಾಡುತ್ತಾರೆ ಎಂಬುದನ್ನು ಈ ತರಬೇತಿಯಲ್ಲೇ ಅವಳು ಕೇಳಿದ್ದಳು. ಅಕ್ಕಿಯ ಮೇಲೆ ತುಂಬಿದ ಕೊಡವಿಟ್ಟು, ನೂಲು ಸುತ್ತಿ, ಎಲೆಯಿಟ್ಟು, ದೇವರ ಕಳೆಯನ್ನು ಕಲ್ಲಿನಿಂದ ಆ ನೀರಿಗೆ ಇಳಿಸುತ್ತಾರೆ. ಆಮೇಲೆ ಕಲ್ಲು ಬರೀ ಕಲ್ಲು. ದೇವರು ಕೊಡದಲ್ಲಿ. ತಿರುಗಿ ಪೀಠ ಏರುವ ತನಕ ಆ ಕೊಡಕ್ಕೇ ದೀಪ, ಆ ಕೊಡಕ್ಕೇ ಎಡೆ.

ಯಾವ ಕಳ್ಳನೂ ದೇವರಿಗೆ ಇಷ್ಟು ಮರ್ಯಾದೆ ಕೊಡಲಾರ. ಮನೆಯವರು ಮಾತ್ರ ಕೊಡಬಲ್ಲರು.

* * *

ಮಲ್ಲಣ್ಣನ ಮನೆಯ ಬಾಗಿಲು ಅರ್ಧ ತೆರೆದಿತ್ತು. ಸಿದ್ದವ್ವ ಎರಡೂ ತೋಳು ಚಾಚಿ ಚೌಕಟ್ಟು ಹಿಡಿದು ನಿಂತಿದ್ದಳು. ದಿನಾಲೂ "ಬಾರ ನನ್ನವ್ವಾ" ಎಂದು ಮಜ್ಜಿಗೆಯ ತಂಬಿಗೆ ಚಾಚುತ್ತಿದ್ದ ಕೈಗಳು ಅವು.

"ಏನ್ ಬೇಕಿತ್ತು?"

"ಏನಿಲ್ರಿ ಕಾಕಿ. ನಾ ಒಳಗ ಬರೂದಿಲ್ಲ. ಇಲ್ಲೇ ಕಟ್ಟಿ ಮ್ಯಾಲೆ ಕೂಡ್ತೇನಿ." ನಜಮಾ ಕೂತಳು. ಒಳಮನೆಯ ಕತ್ತಲಿನ ಕಡೆ ಮುಖ ಮಾಡಿ, ದನಿ ಏರಿಸದೆ ಕೇಳಿದಳು. "ಮಲ್ಲಣ್ಣ ಕಾಕಾ, ದೇವರದು ಎಡಿ ಆತೇನ್ರಿ?"

ಒಳಗೆ ತಂಬಿಗೆಯೊಂದನ್ನು ನೆಲಕ್ಕೆ ಇಟ್ಟ ಸಪ್ಪಳವಾಯಿತು. ಆಮೇಲೆ ಒಳಗಿನಿಂದ ಒಣಗಿದ ದನಿ ಬಂತು.

"ಯಾವ ದೇವರದು?"

"ಕೊಡದಾಗ ಕೂತಾವಲ್ರಿ, ಆ ದೇವರದು."

ಸಿದ್ದವ್ವನ ತೋಳುಗಳು ಚೌಕಟ್ಟಿನಿಂದ ಕೆಳಗಿಳಿದವು. ಅವಳ ಹಿಂದೆ ಮಲ್ಲಣ್ಣ ಬಂದು ನಿಂತ. ಹಣೆಯ ತುಂಬ ವಿಭೂತಿ, ರಾತ್ರಿಯೆಲ್ಲ ನಿದ್ದೆಯಿಲ್ಲದ ಕಣ್ಣು.

"ಯಾರ ಹೇಳಿದ್ರು ನಿನಗ?"

"ಅಕ್ಕಿ ಮ್ಯಾಲೆ ಕೊಡದ ಗುರುತು ಐತ್ರಿ. ಬಾಜೂಕ ನೂಲು, ಎಲಿ. ಹೊರಗಿನ ಕಳ್ಳ ಬಂದಿದ್ರ ಗುದ್ದಲಿ ಗುರುತು ಇರತಿತ್ತು." ನಜಮಾ ನಿಂತಳು. "ನಮ್ಮಜ್ಜ ಅಲಾಯಿ ದೇವರ ಮುಜಾವರ ಇದ್ದ ಕಾಕಾ. ದೇವರು ಇಳಿಯದ ಮುಟ್ಟಬಾರದಂತ ನನಗೂ ಗೊತ್ತೈತಿ. ಮುಟ್ಟೂ ಮದಲ ಇಳಿಸಿದಾಂವ ಕಳ್ಳ ಇರಾಕಿಲ್ಲಂತಲೂ ಗೊತ್ತೈತಿ."

"ನಾ ಕಳ್ಳಲ್ಲ!"

"ನಾ ಅಂದಿಲ್ಲಲ್ರಿ."

"ಕಲ್ಲು ಒಯ್ದಾಂವ ಬ್ಯಾರೆ. ನಾ ನನ್ನ ದೇವರ್ನ ಮನಿಗೆ ಕರಕೊಂಡ ಬಂದೇನಿ, ಅಷ್ಟ." ಮಾತು ಹೊರಬಿದ್ದದ್ದೇ ಮಲ್ಲಣ್ಣ ಹೆಂಡತಿಯನ್ನು ಸರಿಸಿ ಮುಂದೆ ಬಂದ. ಹೊಸ್ತಿಲ ಮೇಲೆ ಕೂತ. "ನೀವ ಅಳದು ನೋಡೀರಿ ಗುಡೀ ಮಾಳಗಿ. ತೊಲಿ ಸೀಳ್ಯಾವ. ಈ ಮಳಿಗಾಲಕ್ಕ ಬೀಳೂದ ಖರೆ. ಬಿದ್ರ ಎಲ್ಲಿ ಬೀಳತಾವು? ಜೋಡುದೇವರ ತಲೀ ಮ್ಯಾಲೆ. ಒಯ್ದು ಇಡ್ತೇವಿ, ಗುಡಿ ಕಟ್ಟಿದ ಮ್ಯಾಲೆ ತಂದು ಕೂಡಸ್ತೇವಿ ಅಂದ್ರು. ಊರಿಗೆ ಕೇಳಿದ್ರ ಊರು ಬಿಡೂದಿಲ್ಲ, ಗುಪ್ತ ಇರಲಿ ಅಂದ್ರು. ನನ್ನ ಕೀಲಿಕೈಲೇ ಬಾಗಲಾ ತಗದೆ. ಕೊಡಕ್ಕ ಇಳಿಸಿದೆ. ಕೊಡಾ ಹೊತಗೊಂಡು ಹಿಂದ ನೋಡದ ಬಂದೆ. ಬಾಗಲಾ ತಗದು ಬಿಟ್ಟ ಬಾ ಅಂದಿದ್ರು, ಬಿಟ್ಟ ಬಂದೆ."

"ಯಾರಂದ್ರು ಕಾಕಾ?"

ಮಲ್ಲಣ್ಣ ತಲೆಯಾಡಿಸಿದ. "ಕೊಡದ ಮ್ಯಾಲೆ ಕೈ ಇಡಿಸಿ ಆಣಿ ತಗೊಂಡಾರ. ದೇವರು ತಿರುಗಿ ಪೀಠಾ ಏರೂ ತನಕ ಹೆಸರು ಹೇಳಾಕಿಲ್ಲ."

"ಒಯ್ದಾವರು ತಿರುಗಿ ತರದಿದ್ರ?"

ಆ ಪ್ರಶ್ನೆ ಅವನ ಎದೆಯಲ್ಲೂ ಮುಂಜಾನೆಯಿಂದ ಕೂತಿತ್ತೆಂದು ಅವನ ಮುಖ ಹೇಳಿತು.

"ರಾವಸಾಬ ಈ ಕಟ್ಟಿ ಮ್ಯಾಲೆ ಕೂತು ಎಷ್ಟ್ ಸಲ ಮಜ್ಜಿಗಿ ಕುಡದಾನ ಕಾಕಾ! ಇವತ್ತ ಅವನ ಕೈಯಾಗ ಬೇಡಿ ಬಿದ್ದೈತಿ. ಬಸ್ ಬಂದ್ರ ಹೊಂಟ. ಯಾರೋ ಹೊತ್ತ ಕಲ್ಲು, ಅದರ ಭಾರಾ ಅವನ ತಲೀ ಮ್ಯಾಲೆ."

"ಆಣಿ ಮಾಡೇನಿ ತಂಗಿ. ನೀರು ಮುಟ್ಟಿ ಆಣಿ ಮಾಡೇನಿ. ಅದನ್ನ ಮುರದ್ರ ಆ ಕೊಡದಾಗಿಂದು ಬರೇ ನೀರು ಆಗತೈತಿ. ಆಮ್ಯಾಲೆ ಊರಿಗೆ ದೇವರ ಎಲ್ಲಿಂದ ತರಲಿ?"

ಇಂಥ ಮಾತಿಗೆ ಎದುರಾಡುವುದನ್ನು ನಜಮಾಳಿಗೆ ಅವಳ ಅಜ್ಜ ಕಲಿಸಿರಲಿಲ್ಲ, ಕಾಲೇಜೂ ಕಲಿಸಿರಲಿಲ್ಲ.

ಉತ್ತರ ಬಂದದ್ದು ಸಿದ್ದವ್ವನಿಂದ.

"ಮುಂಜಾನಿಂದ ಎರಡ ಸಲ ಎಡೀ ಹಿಡದೇನಿ," ಎಂದಳು ಅವಳು, ಗಂಡನ ಕಡೆ ನೋಡದೆ. "ಉಂಡಿಲ್ಲ ಅನಸ್ತೈತಿ. ಮಂದೀ ಮಗನ ಕೈ ಕಟ್ಟಿಸಿ ಕೂತು ಉಣ್ಣೂ ದೇವರಲ್ಲ ನಮ್ಮದು. ಆಣಿ ಏನಂತ ಮಾಡೀರಿ? ಅವರ ಹೆಸರು ಹೇಳೂದಿಲ್ಲಂತ. ನಿಮ್ಮ ಹೆಸರು ಹೇಳಬ್ಯಾಡಂತ ಯಾರೂ ಆಣಿ ತಗೊಂಡಿಲ್ಲಲ್ಲ?"

ಮಲ್ಲಣ್ಣ ಹೆಂಡತಿಯನ್ನೇ ನೋಡಿದ. ಆ ನೋಟದಲ್ಲಿ ಬೆರಗು ಇತ್ತು. ನಾಚಿಕೆಯೂ ಇತ್ತು. ಆಮೇಲೆ ಎದ್ದು, ಗೂಟದ ಮೇಲಿನ ರುಮಾಲು ತೆಗೆದು ಸುತ್ತಿಕೊಂಡ.

"ಕೊಡದ ದೀಪಾ ಆರಗೊಡಬ್ಯಾಡ," ಎಂದ ಅವಳಿಗೆ. "ನಡಿ ತಂಗಿ."

* * *

ಚಾವಡಿಯ ಮುಂದೆ ಬಸ್ಸು ಆಗಲೇ ಬಂದು ನಿಂತಿತ್ತು. ಡ್ರೈವರ ಹಾರ್ನ್ ಒತ್ತುತ್ತಲೇ ಇದ್ದ. ಬೇವಿನ ಗಿಡದ ನೆರಳಲ್ಲಿ ಬಸಂತರಾಯ ಸಾಹೇಬರ ಜೀಪು. ಪೊಲೀಸನೊಬ್ಬ ರಾವಸಾಬನ ರಟ್ಟೆ ಹಿಡಿದು ಬಸ್ಸಿನ ಮೆಟ್ಟಿಲ ಹತ್ತಿರ ತಂದಿದ್ದ. ಊರ ಜನ ಗುಂಪುಗೂಡಿ, ಮಾತಾಡದೆ ನೋಡುತ್ತಿದ್ದರು.

"ನಿಂದರ್ರಿ ಸಾಹೇಬ್ರ!"

ಫೌಜದಾರರು ಹಣೆಯ ಮೇಲೆ ಕೈಯಿಟ್ಟುಕೊಂಡರು. "ಬಂತು ನೋಡ ನಮ್ಮ ಹೈಕೋರ್ಟು."

ಆದರೆ ನಜಮಾಳ ಹಿಂದೆ ಬಂದವನನ್ನು ಕಂಡು ಅವರ ನಗು ಇಂಗಿತು. ಮಲ್ಲಣ್ಣ ಗುಂಪಿನ ನಡುವೆ ನಿಂತು, ಮನೆಯ ಹೊಸ್ತಿಲಲ್ಲಿ ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದ. ಮುದುಕರು ರುಮಾಲು ತೆಗೆದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ದೇವರು ಊರು ಬಿಟ್ಟು ಹೋಗಿಲ್ಲ, ಪೂಜಾರಿಯ ಮನೆಯ ಕೊಡದಲ್ಲಿದ್ದಾನೆ ಎಂದು ಕೇಳಿ ಒಬ್ಬಳು ಗಟ್ಟಿಯಾಗಿ ಅತ್ತೇಬಿಟ್ಟಳು.

"ಒಯ್ದಾವರ ಹೆಸರು?" ಎಂದರು ಫೌಜದಾರರು.

"ಆಣಿ ಐತ್ರಿ."

"ಸಿಂದಗ್ಯಾಗ ನಾ ಆಣಿ ಬಿಡಸ್ತೇನಿ."

"ಬಡೀರಿ ಬೇಕಾರ. ಹೇಳಾಕಿಲ್ಲ."

ಮಲ್ಲಣ್ಣ ನೆರೆದವರೆಲ್ಲರ ಮುಖ ನೋಡುತ್ತ ನಿಂತ. ಬೇವಿನ ಗಿಡದ ಕಡೆ ಮಾತ್ರ ಅವನ ಕಣ್ಣು ಹೊರಳಲಿಲ್ಲ. ಆ ಗದ್ದಲದಲ್ಲಿ ನಜಮಾ ಅದನ್ನು ಕಂಡಳು, ಕಂಡೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅವಳ ಎದೆಯಲ್ಲಿ ಗೆದ್ದ ಸಂತೋಷ ಮತ್ತು ಈ ಮುದುಕನನ್ನು ಬೇಡಿಗೆ ತಂದ ಸಂಕಟ ಎರಡೂ ಒಟ್ಟಿಗೇ ಬಡಿದಾಡುತ್ತಿದ್ದವು.

ಫೌಜದಾರರು ರಾವಸಾಬನ ಬೇಡಿಗೆ ಕೀಲಿಕೈ ಹಾಕಲು ಹೋದರು. ರಾವಸಾಬ ಕೈಗಳನ್ನು ಎದೆಗೆ ಎಳೆದುಕೊಂಡ.

"ಬ್ಯಾಡ್ರಿ."

"ಏನಲೇ?"

"ನನ್ನೂ ಒಯ್ರಿ ಸಾಹೇಬ್ರ. ನಾ ಬರ್ತೇನಿ."

"ಬೇಡೀ ಮ್ಯಾಲೆ ಮಾಯಾ ಬಂತೇನ ಮಗನಾ? ಸರಕಾರದ್ದದು, ಮನಿಗೆ ಒಯ್ಯಾಕ ಬರೂದಿಲ್ಲ." ಜನ ನಕ್ಕರು. ಬೇಡಿ ಕಳಚಿತು. ಮಲ್ಲಣ್ಣನ ಕೈ ಸೇರಿತು. ಅವನು ಅದನ್ನು ಕಂಕಣ ಕಟ್ಟಿಸಿಕೊಳ್ಳುವವನಂತೆ ಸುಮ್ಮನೆ ನಿಂತು ಹಾಕಿಸಿಕೊಂಡ.

ನಜಮಾ ಹತ್ತಿರ ಹೋದಳು. ರಾವಸಾಬನ ಮುಖದಲ್ಲಿ ನೆತ್ತರಿರಲಿಲ್ಲ. ಒಂದು ಒಳ್ಳೆಯ ಮಾತು ಆಡಿಯಾನು ಎಂದುಕೊಂಡಿದ್ದಳು. ಅವನು ತುಟಿ ಅಲ್ಲಾಡಿಸದೆ ಹೇಳಿದ:

"ಲಾಕಪ್ಪಿನ್ಯಾಗ ಇದ್ದಿದ್ರ ಉಳೀತಿದ್ದೆ ನಜಮಾ. ರಾತ್ರಿ ಕಲ್ಲು ಒಯ್ಯೂದನ್ನ ನಾ ನೋಡೇನಿ. ನೋಡೇನಿ ಅಂತ ಅವರಿಗೂ ಗೊತ್ತೈತಿ."

"ಯಾರು?"

ಅವನು ಬಾಯಿ ತೆರೆಯುವ ಮೊದಲೇ ಅವನ ಹೆಗಲ ಮೇಲೆ ಒಂದು ಕೈ ಬಂದು ಕೂತಿತು. ಮಸಿಯ ಕಲೆ ಇದ್ದ, ಮೆದುವಾದ ಕೈ.

"ದೇವರು ದೊಡ್ಡಾಂವ," ಎಂದರು ಬಸಂತರಾಯ ಸಾಹೇಬರು. "ಬಾರಪಾ ರಾವಸಾಬ. ನಿನ್ನ ನಾಲತವಾಡಕ್ಕ ನಾನ ಬಿಟ್ಟು ಬರ್ತೇನಿ. ಬಾಗೇವಾಡಿ ಮ್ಯಾಲೆ ಮುದ್ದೇಬಿಹಾಳಕ್ಕ ಹೋದ್ರ ಅಲ್ಲಿಂದ ಎಷ್ಟ ದೂರ? ನಿಮ್ಮವ್ವ ಹಾದಿ ನೋಡತಿರ್ತಾಳ."

ರಾವಸಾಬ ನಡೆದ. ಕಾಲು ಅವನವಾಗಿದ್ದರೂ ನಡಿಗೆ ಆ ಕೈಯದಾಗಿತ್ತು.

ಮಲ್ಲಣ್ಣ ಬೇವಿನ ಗಿಡದ ಕಡೆ ಯಾಕೆ ನೋಡಲಿಲ್ಲ ಎಂಬುದು ಆಗ ನಜಮಾಳಿಗೆ ತಿಳಿಯಿತು.

ಫೌಜದಾರರಿಗೆ ಏನೆಂದು ಹೇಳುವುದು? ಮಲ್ಲಣ್ಣ ಬಾಯಿ ಬಿಡುವವನಲ್ಲ. ರಾವಸಾಬ ಜೀವಭಯದಲ್ಲಿದ್ದಾನೆ. ಇಲಾಖೆಯ ದೊಡ್ಡ ಅಧಿಕಾರಿಯ ಮೇಲೆ ಕಲಿಯಲು ಬಂದ ಹುಡುಗಿಯ ಮಾತು ಎಷ್ಟು ತೂಗೀತು? ಜೀಪಿನ ಯಂತ್ರ ಗುರುಗುಟ್ಟಿತು. ಅವಳು ಓಡಿದಳು.

"ಸಾಹೇಬ್ರ, ನನ್ನೂ ಕರಕೊಂಡ ಹೋಗ್ರಿ! ನಮ್ಮಕ್ಕನ ಮನಿ ಬಾಗೇವಾಡ್ಯಾಗ ಐತ್ರಿ, ಅಲ್ಲಿ ಇಳೀತೇನಿ."

ಬಾಗೇವಾಡಿಯಲ್ಲಿ ಅವಳಿಗೆ ಅಕ್ಕನೂ ಇರಲಿಲ್ಲ, ಮನೆಯೂ ಇರಲಿಲ್ಲ.

"ಜಾಗಾ ಎಲ್ಲೈತಿ ತಂಗಿ? ಹಿಂದೆಲ್ಲಾ ಕಾಗದದ ಸುರುಳಿ ತುಂಬೇನಿ."

ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದ ಚಾಂದಸಾಬ ಫೌಜದಾರರು ಅಲ್ಲಿಂದಲೇ ಕೂಗಿದರು. "ಕೂಡಿಸಿಕೊಳ್ರಿ ಸಾಹೇಬ್ರ! ಕಾಗದದ ಮ್ಯಾಲೆ ಕೂತ್ರ ಕಾಗದ ಸಾಯತೈತೇನು? ಹುಡುಗಿ ಇವತ್ತ ನನ್ನ ಕೆಲಸಾನೂ ಮಾಡಿ ದಣದಾಳ."

ಊರಿಗೆ ಊರೇ ನೋಡುತ್ತಿತ್ತು. ಸಾಹೇಬರು ನಕ್ಕು ತಲೆಯಾಡಿಸಿದರು. "ಬಾ."

ಬಸ್ಸು ಧೂಳೆಬ್ಬಿಸಿ ಸಿಂದಗಿಯ ಕಡೆ ಹೋಯಿತು. ಜೀಪು ಅದಕ್ಕೆ ಬೆನ್ನು ಹಾಕಿತು. ಮುಂದೆ, ಜೀಪು ಹೊಡೆಯುತ್ತಿದ್ದ ಸಾಹೇಬರ ಪಕ್ಕದಲ್ಲಿ ರಾವಸಾಬ. ಹಿಂದೆ, ಗೋಣಿತಟ್ಟು ಹೊದಿಸಿದ ಹೊರೆಯ ಮೇಲೆ ನಜಮಾ. ಎರಡೂ ಕಡೆ ಕಪ್ಪು ಎರೆಹೊಲ ಬಿರುಕು ಬಿಟ್ಟು ಮಳೆಗೆ ಬಾಯಿ ತೆರೆದಿತ್ತು. ಹೊತ್ತು ಇಳಿಯುತ್ತಿತ್ತು.

ಕಾಗದದ ಸುರುಳಿಗಳ ಮೇಲೆ ಕೂತರೆ ಅವು ಕುಸಿಯಬೇಕು. ಇವು ಕುಸಿಯಲಿಲ್ಲ.

ಅವಳು ಮೆಲ್ಲಗೆ ಗೋಣಿಯ ಕೆಳಗೆ ಕೈ ತೂರಿಸಿದಳು. ಮೇಲಿನ ಒಂದು ಪದರು ಕಾಗದವೇ. ಅದರ ಕೆಳಗೆ ಹುಲ್ಲು. ಹುಲ್ಲಿನ ಕೆಳಗೆ ನುಣುಪಾದ ಒಂದು ಕಲ್ಲಿನ ಮೊಣಕಾಲು. ಅದನ್ನೊರಗಿ ಇನ್ನೊಂದು ಪುಟ್ಟ ಮೊಣಕಾಲು.

ಮುಂದೆ ಆದದ್ದನ್ನು ಅವಳ ಬುದ್ಧಿ ಮಾಡಲಿಲ್ಲ, ಮೈ ಮಾಡಿತು. ದೇವರು ಕೊಡದಲ್ಲಿದ್ದಾನೆ, ಇದು ಬರೀ ಕಲ್ಲು ಎಂದು ಅವಳು ತಿಳಿದವಳೇ. ಆದರೂ ಹಿರಿಯರು ಕೂತಲ್ಲಿ ಕಾಲು ಚಾಚಿದವರು ಬೆಚ್ಚಿ ಮಡಚಿಕೊಳ್ಳುವಂತೆ, ನಜಮಾ ಥಟ್ಟನೆ ಆ ಹೊರೆಯ ಮೇಲಿಂದ ಜಾರಿ ಜೀಪಿನ ತಗಡಿನ ನೆಲಕ್ಕೆ ಇಳಿದು ಕೂತಳು. ತುಟಿಯಲ್ಲಿ "ಬಿಸ್ಮಿಲ್ಲಾ" ಬಂದುಹೋಗಿತ್ತು.

ಜೀಪಿನ ವೇಗ ತಗ್ಗಿತು. ಸಾಹೇಬರು ತಿರುಗಿ ನೋಡಿದರು. ಮೆತ್ತನೆಯ ಸುರುಳಿಗಳನ್ನು ಬಿಟ್ಟು ಕಾದ ತಗಡಿನ ಮೇಲೆ ಕೂತ ಹುಡುಗಿಯನ್ನು ನೋಡಿದರು. ಅವಳ ಕೈಗಂಟಿದ ಹುಲ್ಲಿನ ಎಸಳುಗಳನ್ನೂ ನೋಡಿದರು.

"ಯಾಕ ತಂಗಿ," ಎಂದರು ಅದೇ ಮೆದು ದನಿಯಲ್ಲಿ, "ಕೆಳಗ್ಯಾಕ ಕೂತಿ?"

ಉತ್ತರಕ್ಕೆ ಅವರು ಕಾಯಲಿಲ್ಲ. ಮುಂದೆ ಹಾದಿ ಕವಲೊಡೆದಿತ್ತು. ಬಾಗೇವಾಡಿಯ ಕಡೆ ಹೋಗುವ ರಸ್ತೆ ಎಡಕ್ಕೆ ಬೆಳ್ಳಗೆ ಬಿದ್ದಿತ್ತು. ಜೀಪು ಬಲಕ್ಕೆ ಹೊರಳಿ, ಹಾಳು ಕಲ್ಲುಗಣಿಯ ಕಡೆ ಇಳಿಯುವ ಬಂಡಿಜಾಡು ಹಿಡಿಯಿತು.